ಬೆಟ್ಟದ ಡಾಕ್ಟರು ಫೈಲಿನ ಮುಂದೆ ಕೂತಾಗ

ಡಾ. ಎಚ್. ಸುದರ್ಶನ್ ಅವರ ಮಾತು ಬಂದರೆ ನಮ್ಮವರು ಬಿಳಿಗಿರಿರಂಗನ ಬೆಟ್ಟದಲ್ಲೇ ನಿಂತುಬಿಡುತ್ತಾರೆ. ಕಾಡು, ಅಲ್ಲಿನ ಬುಡಕಟ್ಟು ಜನ ಸೋಲಿಗರು, ಪುಟ್ಟ ಆಸ್ಪತ್ರೆ, ಸರಳ ಬದುಕು. ‘ಅಂಥವರು ಈಗೆಲ್ಲಿ ಸಿಗ್ತಾರೆ’ ಅಂತ ಒಂದು ನಿಟ್ಟುಸಿರು ಬಿಟ್ಟು ಮಾತು ಮುಗಿಸುತ್ತಾರೆ. ನನಗೆ ಇದರಿಂದ ಬೇಜಾರಾಗುತ್ತದೆ. ದೊಡ್ಡ ಮನುಷ್ಯ ಅಂತ ಕೈಮುಗಿದುಬಿಟ್ಟರೆ, ಅವರು ಮಾಡಿದ ಕೆಲಸದಲ್ಲಿ ನಮಗೂ ಕಲಿಯೋದಿದೆ ಅನ್ನೋದು ಮರೆತೇ ಹೋಗುತ್ತದೆ.

ನಾನು ಡಾಕ್ಟರು. ಮೈಸೂರು ಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಶುರು ಮಾಡಿದವಳು. ಅಲ್ಲಿ ಕೂತು ಸುದರ್ಶನ್ ಅವರ ಬಗ್ಗೆ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಬೆಟ್ಟ ಹತ್ತಿದ್ದಲ್ಲ. ಬೆಟ್ಟ ಇಳಿದು ಬಂದು ಸರ್ಕಾರದ ಕಮಿಟಿಯಲ್ಲಿ ಕೂತಿದ್ದು, ಔಷಧಿ ಖರೀದಿ, ವರ್ಗಾವಣೆ, ಖಾಲಿ ಹುದ್ದೆ ಅಂತ ಯಾರಿಗೂ ಬೇಡದ ವಿಷಯಗಳನ್ನು ಕೈಗೆತ್ತಿಕೊಂಡಿದ್ದು. ಆ ಭಾಗದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಆದರೆ ಬೆಟ್ಟವನ್ನು ಬಿಟ್ಟು ಅದನ್ನು ಹೇಳೋಕೂ ಆಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅವರ ಊರು ಬೆಂಗಳೂರಿನ ಪಕ್ಕದ ಯಮಲೂರು. ಈಗ ಅದು ಐಟಿ ಕಂಪನಿಗಳ ಮಧ್ಯೆ ಸೇರಿಹೋಗಿದೆ, ಆಗ ಹಳ್ಳಿ. ಅವರಿಗೆ ಹನ್ನೆರಡು ವರ್ಷ ಇದ್ದಾಗ ತಂದೆ ತೀರಿಕೊಂಡರು, ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಗದೆ, ಮಗನ ಕಣ್ಣೆದುರೇ. 1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರಾದರು. ಆಮೇಲೆ ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ ಓಡಾಟ. ಹಿಮಾಲಯದ ತಪ್ಪಲು, ಬೇಲೂರು ಮಠ, ನಮ್ಮ ಕೊಡಗಿನ ಪೊನ್ನಂಪೇಟೆ. 1980ರ ಹೊತ್ತಿಗೆ ಯಳಂದೂರು ತಾಲ್ಲೂಕಿನ ಬೆಟ್ಟಕ್ಕೆ ಬಂದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು.

ಸೋಲಿಗರ ಸ್ಥಿತಿ ಆಗ ಹೇಗಿತ್ತು ಅನ್ನೋದನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. 1974ರಲ್ಲಿ ಆ ಕಾಡು ವನ್ಯಜೀವಿ ಧಾಮ ಆಯಿತು. ತಲೆತಲಾಂತರದಿಂದ ಜಾಗ ಬದಲಾಯಿಸುತ್ತಾ ಬೇಸಾಯ ಮಾಡಿಕೊಂಡಿದ್ದವರನ್ನು ಪೋಡುಗಳಲ್ಲಿ ಒಂದೇ ಕಡೆ ಕೂರಿಸಿದರು. ಪೋಡು ಅಂದರೆ ಅವರ ಹಾಡಿ. ಬೇಟೆ ಇಲ್ಲ, ಬೇಸಾಯಕ್ಕೆ ಹಳೇ ಜಾಗ ಇಲ್ಲ. ಜೇನು, ನೆಲ್ಲಿಕಾಯಿ, ಶೀಗೆಕಾಯಿ ಕಿತ್ತು ತಂದು ಮಾರಿದರೆ ಊಟ. ಅಂಥವರ ಮಧ್ಯೆ ಒಬ್ಬ ಡಾಕ್ಟರು ಸ್ಟೆತಸ್ಕೋಪು ಹಿಡಿದುಕೊಂಡು ಬಂದರೆ ನಂಬಿಕೆ ಎಲ್ಲಿಂದ ಹುಟ್ಟಬೇಕು? ಸೋಲಿಗರು ಮೊದಮೊದಲು ಅವರನ್ನು ಕಂಡರೆ ದೂರ ಹೋಗುತ್ತಿದ್ದರು. ಪೋಡಿಂದ ಪೋಡಿಗೆ ನಡೆದು, ಹಾವು ಕಚ್ಚಿದ್ದಕ್ಕೆ, ಕರಡಿ ಪರಚಿದ್ದಕ್ಕೆ, ಜ್ವರಕ್ಕೆ ಮದ್ದು ಕೊಡುತ್ತಾ ಕೊಡುತ್ತಾ ನಂಬಿಕೆ ಬಂತು.

ಅಲ್ಲಿ ಅವರು ಗಮನಿಸಿದ ಒಂದು ಸಂಗತಿ ನನಗೆ ತುಂಬ ಇಷ್ಟ. ಸೋಲಿಗರ ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ಹೆರುತ್ತಿದ್ದರು. ನಮಗೆ ಕಾಲೇಜಿನಲ್ಲಿ ಕಲಿಸಿದ್ದು ಟೇಬಲ್ಲಿನ ಮೇಲೆ ಅಂಗಾತ ಮಲಗಿಸುವ ಹೆರಿಗೆ. ಅದು ಡಾಕ್ಟರಿಗೆ ಅನುಕೂಲ, ತಾಯಿಗಲ್ಲ. ಕೂತು ಹೆರುವಾಗ ಭೂಮಿಯ ಸೆಳೆತವೂ ಜೊತೆಗಿರುತ್ತದೆ. ಓದಿಕೊಂಡು ಹೋದ ಡಾಕ್ಟರು ಓದಿಲ್ಲದ ಅಜ್ಜಿಯರಿಂದ ಇದನ್ನು ಕಲಿತರು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಮುಂದೆ ಇಲಾಖೆಯ ಮೀಟಿಂಗುಗಳಲ್ಲಿ ‘ಜನಕ್ಕೆ ತಿಳುವಳಿಕೆ ಇಲ್ಲ’ ಅನ್ನೋ ಮಾಮೂಲಿ ಮಾತನ್ನು ಒಪ್ಪದೇ ಇರಲು ಇಂಥ ಅನುಭವ ಬೇಕಾಗುತ್ತದೆ.

ಬೆಟ್ಟದ ಮೇಲೆ ಸಿಕಲ್ ಸೆಲ್ ರಕ್ತಹೀನತೆ ಇತ್ತು. ತಂದೆತಾಯಿಯಿಂದ ಮಕ್ಕಳಿಗೆ ಬರುವ ಕಾಯಿಲೆ, ಮಾತ್ರೆಯಲ್ಲಿ ವಾಸಿಯಾಗುವಂಥದ್ದಲ್ಲ. ಪರೀಕ್ಷೆ ಮಾಡಬೇಕು, ಹುಷಾರಾಗಿ ನೋಡಿಕೊಳ್ಳಬೇಕು, ವರ್ಷಗಟ್ಟಲೆ ಬಿಡದೆ ಹಿಂದೆ ಬೀಳಬೇಕು. ಬೆಟ್ಟದ ಕೆಳಗೆ ಯಳಂದೂರಿನ ಬಯಲಿನಲ್ಲಿ ಕುಷ್ಠರೋಗ ಇತ್ತು. ಅದಕ್ಕಾಗಿ 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದರು.

ಕುಷ್ಠದ ಕೆಲಸ ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಮನೆಮನೆಗೆ ಹೋಗಬೇಕು. ಬೆಳಕಿಗೆ ನಿಲ್ಲಿಸಿ ಮೈ ನೋಡಬೇಕು. ಬಣ್ಣ ತಿಳಿಯಾದ ಮಚ್ಚೆ ಕಂಡರೆ ಹತ್ತಿಯ ಎಳೆಯನ್ನು ಹೊಸೆದು, ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಮುಟ್ಟಿಸಿ, ‘ಎಲ್ಲಿ ಮುಟ್ಟಿದೆ ತೋರ್ಸಿ’ ಅನ್ನಬೇಕು. ಪಕ್ಕದ ಚರ್ಮದಲ್ಲಿ ಗೊತ್ತಾಗಿ, ಮಚ್ಚೆಯ ಮೇಲೆ ಗೊತ್ತಾಗದಿದ್ದರೆ ಅಲ್ಲಿಗೆ ಅನುಮಾನ ಗಟ್ಟಿ. ಇದನ್ನು ನಾನೂ ಮಾಡಿದ್ದೇನೆ. ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತೇ ಇರುವ ಆ ಮುಖ, ‘ಮುಟ್ಟಿದ್ರಾ ಮೇಡಂ?’ ಅನ್ನುವ ಆ ಪ್ರಶ್ನೆ, ಅದನ್ನು ಕೇಳಿದ ಯಾವ ಡಾಕ್ಟರಿಗೂ ಮರೆಯಲು ಆಗುವುದಿಲ್ಲ. ರೋಗ ಪತ್ತೆಯಾದ ಮೇಲೆ ಇನ್ನೊಂದು ಕಷ್ಟ. 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದಿತ್ತು, ರೋಗ ಪೂರ್ತಿ ವಾಸಿಯಾಗುವ ಕಾಲ ಅದು. ಆದರೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಊರವರಿಗೆ ಗೊತ್ತಾಗಬಾರದು ಅಂತ ಮಾತ್ರೆ ಎಸೆಯುವವರು, ಮಗಳ ಮದುವೆ ತಪ್ಪಿಹೋಗುತ್ತದೆ ಅಂತ ಬಚ್ಚಿಡುವವರು, ಎಲ್ಲರ ಮನೆಗೂ ಮತ್ತೆ ಮತ್ತೆ ಹೋಗಬೇಕು. ಯಳಂದೂರು ತಾಲ್ಲೂಕಿನಲ್ಲಿ 1987ರ ಸುಮಾರಿಗೆ ಸಾವಿರ ಜನರಲ್ಲಿ 21 ಜನಕ್ಕಿದ್ದ ಕುಷ್ಠ, ಹದಿನೆಂಟು ವರ್ಷಗಳಲ್ಲಿ ಸಾವಿರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು. ಇದರ ಹಿಂದಿದ್ದದ್ದು ಪವಾಡವಲ್ಲ, ಬಿಡದೆ ಮಾಡಿದ ಮನೆಭೇಟಿ.

ಕುಷ್ಠ ಹತೋಟಿಗೆ ಬರುತ್ತಿದ್ದ ಹಾಗೆ ಟ್ರಸ್ಟು ಮೂರ್ಛೆರೋಗ, ಕ್ಷಯ, ಮಾನಸಿಕ ಆರೋಗ್ಯದ ಕಡೆ ತಿರುಗಿತು. ನಮ್ಮ ಸೀಮೆಯ ಒಂದು ವಿಶೇಷ ಕಾಯಿಲೆ ಹಲವರಿಗೆ ಗೊತ್ತಿಲ್ಲ. ಬಿಸಿನೀರಿನ ಮೂರ್ಛೆ. ಹಂಡೆಯ ಸುಡುಸುಡು ನೀರನ್ನು ಚೊಂಬಿನಲ್ಲಿ ಮೊಗೆದು ಮಕ್ಕಳ ತಲೆ ಮೇಲೆ ಒಂದರ ಹಿಂದೆ ಒಂದು ಸುರಿಯುತ್ತೇವಲ್ಲ, ಆಗ ಕೆಲವು ಮಕ್ಕಳಿಗೆ ಫಿಟ್ಸ್ ಬರುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಇದು ಜಾಸ್ತಿ. ದೇವರು ಮೈಮೇಲೆ ಬಂತು, ಗಾಳಿ ಸೋಕಿತು ಅಂತ ಜನ ತಿಳಿಯುತ್ತಿದ್ದರು. ಉಗುರುಬೆಚ್ಚಗಿನ ನೀರು ಹಾಕಿದರೆ, ಬೇಕಾದರೆ ಮಾತ್ರೆ ಕೊಟ್ಟರೆ, ಎಷ್ಟೋ ಮಕ್ಕಳಿಗೆ ಸರಿಹೋಗುತ್ತದೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ಮೂರ್ಛೆರೋಗದ ಬಗ್ಗೆ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಫಿನೋಬಾರ್ಬಿಟೋನ್ ಅನ್ನುವ ಅಗ್ಗದ ಹಳೇ ಮಾತ್ರೆಯನ್ನೇ ಹಳ್ಳಿಯಲ್ಲಿ ತಪ್ಪದೆ ಕೊಟ್ಟರೆ ಎಷ್ಟೊಂದು ಜನರ ಬದುಕು ಸುಧಾರಿಸುತ್ತದೆ ಅನ್ನೋದು ಅಲ್ಲಿ ಕಂಡಿತು. ‘ತಪ್ಪದೆ’ ಅನ್ನೋದೇ ಕಷ್ಟ. ಮಾತ್ರೆ ಒಂದು ವಾರ ಸ್ಟಾಕ್ ಇಲ್ಲದಿದ್ದರೆ ಮತ್ತೆ ಫಿಟ್ಸ್.

ಅಲ್ಲಿಂದ ಅವರು ಫೈಲಿನ ಕಡೆ ಬರುವುದು ಸಹಜವಾಗಿಯೇ ಆಯಿತು ಅಂತ ನನಗನ್ನಿಸುತ್ತದೆ. ಎಷ್ಟೇ ಒಳ್ಳೇ ಡಾಕ್ಟರಾದರೂ, ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಇಲ್ಲದಿದ್ದರೆ, ನರ್ಸ್ ಹುದ್ದೆ ಖಾಲಿ ಇದ್ದರೆ, ಒಬ್ಬರೇ ಏನು ಮಾಡೋಕಾಗುತ್ತದೆ? 1996ರಲ್ಲಿ ಸರ್ಕಾರ ಬೆಟ್ಟದ ಬುಡದ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ಕರುಣಾ ಟ್ರಸ್ಟಿಗೆ ಕೊಟ್ಟಿತು. ಕಟ್ಟಡ ಸರ್ಕಾರದ್ದು, ಬಹುಪಾಲು ದುಡ್ಡು ಸರ್ಕಾರದ್ದು, ನಡೆಸುವ ಹೊಣೆ ಟ್ರಸ್ಟಿನದು. ಇಪ್ಪತ್ತನಾಲ್ಕು ಗಂಟೆ ಬಾಗಿಲು ತೆರೆದಿರಬೇಕು, ಸಿಬ್ಬಂದಿ ಅಲ್ಲೇ ವಾಸ ಮಾಡಬೇಕು, ಔಷಧಿ ಇರಬೇಕು, ರೋಗಿಯ ಹತ್ತಿರ ಕಾಸು ಕೇಳಬಾರದು. ಕೇಳೋಕೆ ಇಷ್ಟೇ. ಮಾಡೋದು ಎಷ್ಟು ಕಷ್ಟ ಅಂತ ಪಿಎಚ್‌ಸಿಯಲ್ಲಿ ಕೆಲಸ ಮಾಡಿದವರನ್ನು ಕೇಳಬೇಕು.

ನಾನು ಡ್ಯೂಟಿಗೆ ಸೇರಿದಾಗ ಊರಿನ ಅಜ್ಜಿಯೊಬ್ಬರು ಬಂದು ನನ್ನ ಡಿಗ್ರಿ ಏನು, ಕೈಗುಣ ಹೇಗೆ ಅಂತ ಕೇಳಲಿಲ್ಲ. ‘ರಾತ್ರೆ ಹೊತ್ತೂ ಇಲ್ಲೇ ಇರ್ತೀಯ ಕನವ್ವ?’ ಅಂದರು. ಅಷ್ಟೇ ಅವರಿಗೆ ಬೇಕಾದದ್ದು. ಹಾವು ಕಚ್ಚೋದು ಮುಸ್ಸಂಜೆಗೆ, ಹೆರಿಗೆ ನೋವು ಬರೋದು ನಡುರಾತ್ರಿ, ಮಗುವಿಗೆ ಉಬ್ಬಸ ಏರೋದು ಬೆಳಗಿನ ಜಾವ. ಹತ್ತರಿಂದ ನಾಲ್ಕರವರೆಗೆ ತೆರೆದಿರುವ ಆಸ್ಪತ್ರೆಯಿಂದ ಹಳ್ಳಿಗೆ ಅರ್ಧ ಉಪಯೋಗವೂ ಇಲ್ಲ. ಆದರೆ ರಾತ್ರಿ ಡಾಕ್ಟರು ಇರಬೇಕಾದರೆ ಕ್ವಾರ್ಟರ್ಸ್ ಸೋರಬಾರದು, ನೀರು ಬರಬೇಕು, ಒಬ್ಬಳೇ ಇರುವ ನರ್ಸಿಗೆ ಭಯ ಆಗಬಾರದು, ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನಿನ ವಯಲ್‌ಗಳು ಬೀರುವಿನಲ್ಲಿರಬೇಕು, ಇಂಡೆಂಟ್, ಅಂದರೆ ಔಷಧಿಯ ಬೇಡಿಕೆ ಪಟ್ಟಿ, ಹಾಕಿದ್ದು ಹೊತ್ತಿಗೆ ಬರಬೇಕು. ಡಾಕ್ಟರ ಒಳ್ಳೇತನ ಒಂದರಿಂದಲೇ ಇದೆಲ್ಲ ಆಗುವುದಿಲ್ಲ. ಯಾರೋ ಆಡಳಿತ ನೋಡಬೇಕು.

ಗುಂಬಳ್ಳಿ ಆದಮೇಲೆ ಟ್ರಸ್ಟು ಬೇರೆ ಕಡೆಗಳಲ್ಲೂ ಕೇಂದ್ರಗಳನ್ನು ನಡೆಸಿತು. ಅರುಣಾಚಲ ಪ್ರದೇಶ, ಮೇಘಾಲಯದಂಥ ದೂರದ ರಾಜ್ಯಗಳಿಗೂ ಹೋಯಿತು. ನನಗೆ ಈ ವ್ಯವಸ್ಥೆಯ ಬಗ್ಗೆ ಪೂರ್ತಿ ಸಮಾಧಾನ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸರ್ಕಾರ ಮಾಡಬೇಕಾದ ಕೆಲಸವನ್ನು ಟ್ರಸ್ಟಿಗೆ ಕೊಟ್ಟರೆ, ಒಳ್ಳೇ ಟ್ರಸ್ಟು ಸಿಕ್ಕ ಊರಿಗೆ ಅದೃಷ್ಟ. ಪಕ್ಕದ ಊರಿನವರು ಏನು ಮಾಡಬೇಕು? ಮನಸ್ಸಿಟ್ಟು ನಡೆಸುವವರು ಹೋದಮೇಲೆ ಅದೇ ಹೆಸರಿನಲ್ಲಿ ದುಡ್ಡು ಮಾಡುವವರು ಬಂದರೆ? ಆದರೂ ಗುಂಬಳ್ಳಿ ಒಂದು ವಿಷಯ ತೋರಿಸಿತು. ಅದೇ ಸರ್ಕಾರಿ ಕಟ್ಟಡ, ಅದೇ ಊರು, ಅದೇ ಬಡಜನ, ಆಸ್ಪತ್ರೆ ಮಾತ್ರ ನಡೆಯುತ್ತದೆ. ‘ಹಳ್ಳಿಯಲ್ಲಿ ಇದೆಲ್ಲ ಆಗೋ ಮಾತಲ್ಲ’ ಅನ್ನುವವರ ಬಾಯಿ ಮುಚ್ಚಿಸಲು ಅದೊಂದು ಸಾಕಾಗಿತ್ತು.

2002ರ ಸುಮಾರಿಗೆ ಅವರು ಮಾಡಿದ ಆರೋಗ್ಯ ವಿಮೆಯ ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಯಶಸ್ವಿನಿ, ಆಯುಷ್ಮಾನ್ ಅಂತ ದೊಡ್ಡ ಯೋಜನೆಗಳ ಮಾತು ಇನ್ನೂ ಜನರ ಬಾಯಲ್ಲಿ ಇಲ್ಲದ ಕಾಲ. ಯಳಂದೂರು, ತಿ. ನರಸೀಪುರದ ಕಡೆ, ಸರ್ಕಾರಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ ದಿನಕ್ಕೆ 50 ರೂಪಾಯಿ ಔಷಧಿಗೆ, ಇನ್ನು 50 ರೂಪಾಯಿ ರೋಗಿಯ ಕೈಗೆ. ಕೈಗೆ ಯಾಕೆ? ಕೂಲಿ ತಪ್ಪಿಹೋಗುತ್ತದಲ್ಲ, ಅದಕ್ಕೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ‘ಅಡ್ಮಿಟ್ ಆಗಿ’ ಅಂದರೆ ‘ಬರ್ತೀನಿ ಮೇಡಂ, ನಾಳೆ’ ಅಂತ ಹೇಳಿ ಹೋಗಿ ಮತ್ತೆ ಬಾರದವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ. ಆಸ್ಪತ್ರೆ ಫ್ರೀ, ಆದರೆ ಮಲಗಿದರೆ ಅವತ್ತಿನ ಕೂಲಿ ಹೋಯಿತು, ಜೊತೆಗೆ ಇರುವವರ ಕೂಲಿಯೂ ಹೋಯಿತು, ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆಫೀಸಿನಲ್ಲಿ ಕೂತು ಯೋಜನೆ ಬರೆಯುವವರಿಗೆ ಈ ಐವತ್ತು ರೂಪಾಯಿ ಹೊಳೆಯುವುದು ಕಷ್ಟ. ಪೋಡುಗಳಲ್ಲಿ ನಡೆದಾಡಿದವರಿಗೆ ಹೊಳೆಯುತ್ತದೆ.

ಅಷ್ಟರಲ್ಲಿ ಸರ್ಕಾರದಿಂದಲೇ ಕರೆ ಬಂದಿತ್ತು. 1999ರ ಕೊನೆಯಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಆರೋಗ್ಯ ಮತ್ತು ಕುಟುಂಬ ಕಲ್ಯಾಣದ ಕಾರ್ಯಪಡೆಗೆ ಸುದರ್ಶನ್ ಅಧ್ಯಕ್ಷರಾದರು. 2001ರ ಏಪ್ರಿಲ್‌ನಲ್ಲಿ ಅಂತಿಮ ವರದಿ ಬಂತು. ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ, ಈ ಮೂರೂ ಅದರ ಹೆಸರಿನಲ್ಲೇ ಇವೆ. ಸರ್ಕಾರಿ ವರದಿಗಳಲ್ಲಿ ಮೊದಲ ಎರಡು ಮಾಮೂಲಿ. ಮೂರನೆಯದನ್ನು ಮುಖಪುಟಕ್ಕೆ ತರಲು ಎದೆಗಾರಿಕೆ ಬೇಕು. ಆರೋಗ್ಯ ಇಲಾಖೆಯನ್ನು ಕಾಡುತ್ತಿರುವ ಮುಖ್ಯ ತೊಂದರೆಗಳಲ್ಲಿ ಭ್ರಷ್ಟಾಚಾರವನ್ನು ಆ ವರದಿ ಮುಂದೆ ಇಟ್ಟು ಹೇಳಿತು. ನೇಮಕಾತಿಯಲ್ಲಿ, ವರ್ಗಾವಣೆಯಲ್ಲಿ, ಖರೀದಿಯಲ್ಲಿ ಲಂಚ ಇದ್ದರೆ ಅದರ ಬೆಲೆ ಕೊನೆಗೆ ರೋಗಿಯ ಮಂಚದ ಹತ್ತಿರ ಬಂದು ನಿಲ್ಲುತ್ತದೆ. ದುಡ್ಡು ಕೊಟ್ಟು ಪೋಸ್ಟಿಂಗ್ ತಗೊಂಡವರು ಅದನ್ನು ಎಲ್ಲಿಂದ ವಾಪಸ್ ಪಡೆಯುತ್ತಾರೆ? ಹೆರಿಗೆ ವಾರ್ಡಿನಲ್ಲಿ ಗಂಡು ಮಗುವಿಗೆ ಇಷ್ಟು, ಹೆಣ್ಣು ಮಗುವಿಗೆ ಇಷ್ಟು ಅಂತ ಕೈ ಚಾಚುತ್ತಿದ್ದದ್ದು ನಮ್ಮ ತಾಯಂದಿರಿಗೆಲ್ಲ ಗೊತ್ತು. ಅದು ಬರೀ ಆಯಾಗಳ ತಪ್ಪು ಅಂದುಕೊಂಡರೆ ಕಾಯಿಲೆಯ ಬೇರು ಬಿಟ್ಟು ಎಲೆ ಕಿತ್ತ ಹಾಗೆ.

ಉತ್ತರ ಕರ್ನಾಟಕದ ಜಿಲ್ಲೆಗಳು ಆರೋಗ್ಯದಲ್ಲಿ ಎಷ್ಟು ಹಿಂದೆ ಉಳಿದಿವೆ, ದುಡ್ಡು ಮತ್ತು ಸಿಬ್ಬಂದಿ ಎಲ್ಲಿ ಹರಿಯಬೇಕು ಅನ್ನೋದನ್ನೂ ವರದಿ ಎತ್ತಿತು. 2004ರಲ್ಲಿ ರಾಜ್ಯಕ್ಕೆ ಸಮಗ್ರ ಆರೋಗ್ಯ ನೀತಿ ಬಂತು. ಶಿಫಾರಸುಗಳಲ್ಲಿ ಕೆಲವು ಜಾರಿಯಾದವು, ಕೆಲವು ಕಪಾಟಿನಲ್ಲೇ ಉಳಿದವು.

ವರದಿ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭವಿತ್ತು. 1994ರಲ್ಲೇ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದಿತ್ತು. ಹೆಸರಿಗೇನು ಕಡಿಮೆ ಇರಲಿಲ್ಲ. ಆದರೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಲೋಕಾಯುಕ್ತರಾಗಿದ್ದ ಕಾಲದಲ್ಲಿ ಅವರು ಲೋಕಾಯುಕ್ತದಲ್ಲಿ ಆರೋಗ್ಯ ಕ್ಷೇತ್ರದ ಜಾಗೃತ ನಿರ್ದೇಶಕರಾದರು. ಆ ದಿನಗಳನ್ನು ನೋಡಿದವರಿಗೆ ನೆನಪಿರುತ್ತದೆ. ಆಸ್ಪತ್ರೆಗಳಿಗೆ ದಿಢೀರ್ ಭೇಟಿ, ಟೀವಿಯಲ್ಲಿ ಖಾಲಿ ಕುರ್ಚಿಗಳ ಚಿತ್ರ, ಹಾಜರಿ ಪುಸ್ತಕದಲ್ಲಿ ಸಹಿ ಇದ್ದು ಮನುಷ್ಯನೇ ಇಲ್ಲದ ವಾರ್ಡುಗಳು. ಒಬ್ಬ ಡಾಕ್ಟರಿಗೆ ಇದು ಪ್ರೀತಿಯ ಕೆಲಸ ಆಗಿರೋಕೆ ಸಾಧ್ಯವಿಲ್ಲ. ಕೈಹಿಡಿದು ನೋಡಬೇಕಾಗಿದ್ದು ತನ್ನ ಜೊತೆಯವರ ತಪ್ಪನ್ನೇ. ವೃತ್ತಿಯಲ್ಲಿ ಗೆಳೆಯರು ಕಡಿಮೆಯಾಗುತ್ತಾರೆ. ಬೆಟ್ಟದಲ್ಲಿ ಎಲ್ಲರೂ ಕೈಮುಗಿಯುತ್ತಾರೆ, ಇಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಅದಕ್ಕೇ ಅವರ ಬದುಕಿನ ಈ ಭಾಗ ನನಗೆ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. 2011ರಲ್ಲಿ ಅವರು ಡಾ. ಎನ್.ಎಸ್. ಪ್ರಶಾಂತ್ ಜೊತೆ ಸೇರಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಆರೋಗ್ಯ ಆಡಳಿತದ ಬಗ್ಗೆ ಕರ್ನಾಟಕದ ಅನುಭವವನ್ನೇ ಬರೆದರು.

ಈ ನಡುವೆ ಬೆಟ್ಟವೂ ಬದಲಾಗುತ್ತಿತ್ತು. ಗಿರಿಜನ ಶಾಲೆಯಲ್ಲಿ ಓದಿದ ಮಕ್ಕಳು ದೊಡ್ಡವರಾದರು. ಸೋಲಿಗರ ಹೆಣ್ಣುಮಕ್ಕಳು ಎಎನ್‌ಎಂ ತರಬೇತಿ ಪಡೆದು ತಮ್ಮ ಜನರಿಗೇ ಸಿಸ್ಟರ್ ಆದರು. ಸೋಲಿಗ ಸಮುದಾಯದ ಡಾ. ಸಿ. ಮಾದೇಗೌಡರು ಪಿಎಚ್‌ಡಿ ಮಾಡಿದರು. 2011ರ ಆರಂಭದಲ್ಲಿ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಸೋಲಿಗರು ಮತ್ತೆ ಕಾಡು ಕಳೆದುಕೊಳ್ಳುವ ಭಯದಲ್ಲಿದ್ದಾಗ, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಅವರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಆ ಹೋರಾಟ ಮಾಡಿದ್ದು ಸೋಲಿಗರೇ. ಮೂವತ್ತು ವರ್ಷದ ಹಿಂದೆ ಹೊರಗಿನವರನ್ನು ಕಂಡರೆ ಮರೆಯಾಗುತ್ತಿದ್ದ ಜನ, ಕಾನೂನು ಓದಿ, ನಕ್ಷೆ ಬರೆದು, ಅಧಿಕಾರಿಗಳ ಎದುರು ಕೂತು ತಮ್ಮ ಕಾಡನ್ನು ಕೇಳಿದರು. ಯಾವ ಡಾಕ್ಟರೂ ಅದನ್ನು ಮಾತ್ರೆಯ ಹಾಗೆ ಬರೆದುಕೊಡಲಾರ.

ಈಗ ನನ್ನ ಹತ್ತಿರ ಎಂಬಿಬಿಎಸ್ ಮುಗಿಸಿದ ಹುಡುಗರು ಬರುತ್ತಾರೆ. ಗ್ರಾಮೀಣ ಸೇವೆ ಹೇಗಾದರೂ ಕಳೆದರೆ ಸಾಕು ಅನ್ನುವವರೂ ಇದ್ದಾರೆ, ‘ಮೇಡಂ, ನನಗೆ ಜನರ ಮಧ್ಯೆ ಕೆಲಸ ಮಾಡೋ ಆಸೆ, ಸುದರ್ಶನ್ ಸರ್ ತರ’ ಅನ್ನುವವರೂ ಇದ್ದಾರೆ. ಎರಡನೆಯವರ ಕಣ್ಣಿನ ಹೊಳಪು ನೋಡಿದರೆ ಖುಷಿಯಾಗುತ್ತದೆ. ಆದರೆ ಅವರಿಗೆ ನಾನು ಕಾಡಿಗೆ ಹೋಗಿ ಅಂತ ಮೊದಲೇ ಹೇಳುವುದಿಲ್ಲ. ನಿಮ್ಮ ಪಿಎಚ್‌ಸಿಯ ಸ್ಟಾಕ್ ರಿಜಿಸ್ಟರ್ ತೆಗೆದು ನೋಡಿ ಅನ್ನುತ್ತೇನೆ. ಯಾವ ಮಾತ್ರೆ ಯಾವ ತಿಂಗಳು ಖಾಲಿಯಾಗಿದೆ, ಇಂಡೆಂಟ್ ಯಾವತ್ತು ಹೋಗಿದೆ, ಯಾವತ್ತು ಬಂದಿದೆ, ಅದರ ಮಧ್ಯೆ ಬಂದ ಬಿಪಿ, ಸಕ್ಕರೆ ಕಾಯಿಲೆಯವರು ಏನು ಮಾಡಿದರು? ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಮೀಟಿಂಗಿಗೆ ಸುಮ್ನೆ ಸಹಿ ಹಾಕಿ ಬರಬೇಡಿ, ಕೂತು ಕೇಳಿ ಅನ್ನುತ್ತೇನೆ. ಅವರಿಗೆ ಸ್ವಲ್ಪ ನಿರಾಸೆ ಆಗುತ್ತದೆ, ಮುಖದಲ್ಲೇ ಗೊತ್ತಾಗುತ್ತದೆ.

ಅವರ ನಿರಾಸೆಗೆ ಕಾರಣವೂ ಇದೆ. ಇಂಥ ಕೆಲಸಕ್ಕೆ ನಮ್ಮಲ್ಲಿ ದಾರಿಯೇ ಸರಿಯಾಗಿ ಇಲ್ಲ. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಬೇರೆ ನಿರ್ದೇಶನಾಲಯ, ಬೇರೆ ವೃಂದ ಎಷ್ಟೋ ಕಾಲದಿಂದ ಇದೆ. ಅಲ್ಲಿ ಆ ಕೆಲಸ ಕಲಿತವರು ಅದೇ ಸಾಲಿನಲ್ಲಿ ಮೇಲೆ ಹೋಗುತ್ತಾರೆ. ನಾನು ಇಲ್ಲಿ ಕಂಡದ್ದು ಬೇರೆ. ವರ್ಷಗಟ್ಟಲೆ ಸಿಸೇರಿಯನ್ ಮಾಡಿದ ಒಳ್ಳೇ ಸ್ತ್ರೀರೋಗ ತಜ್ಞೆಯನ್ನು ಸೀನಿಯಾರಿಟಿ ಬಂತು ಅಂತ ಆಡಳಿತದ ಕುರ್ಚಿಯಲ್ಲಿ ಕೂರಿಸಿದರು. ಆ ಆಸ್ಪತ್ರೆಗೆ ಆಪರೇಷನ್ ಮಾಡುವವರು ಹೋದರು, ತಾಲ್ಲೂಕಿಗೆ ಡೆಂಗೆ ನಿಯಂತ್ರಣ ಗೊತ್ತಿರುವವರು ಬರಲಿಲ್ಲ. ಅವರದೇನೂ ತಪ್ಪಿಲ್ಲ, ಪಾಪ. ಆ ಕೆಲಸ ಅವರಿಗೆ ಯಾರೂ ಕಲಿಸಿರಲಿಲ್ಲ. ಚಿಕಿತ್ಸೆ ಕೊಡುವವರಿಗೆ ಒಂದು ಸಾಲು, ಜನಾರೋಗ್ಯ ನೋಡುವವರಿಗೆ ಇನ್ನೊಂದು ಸಾಲು ಬೇಕು ಅಂತ ಆ 2001ರ ವರದಿಯೂ ಹೇಳಿತ್ತು. ಇಲಾಖೆಯಲ್ಲಿ ಇವತ್ತು ನಿರ್ಧಾರ ಮಾಡುವ ಜಾಗದಲ್ಲಿರುವವರು ಆ ಪುಟಗಳನ್ನು ಮತ್ತೊಮ್ಮೆ ತೆರೆಯಲಿ. ನನ್ನ ಹತ್ತಿರ ಬರುವ ಆ ಹುಡುಗರಿಗೆ ಒಂದು ಹುದ್ದೆ, ಒಂದು ತರಬೇತಿ, ಮೇಲೇರಲು ಒಂದು ಮೆಟ್ಟಿಲು ತೋರಿಸಲಿ. ಕೆಲಸ ಮಾಡೋಕೆ ಅವರು ತಯಾರಿದ್ದಾರೆ.